ಎಂಟನೇ ಅಂತಸ್ತಿನ ಬಾವಿ

ಅಕ್ಕಾತಾಯಿ ಹಡಗೆಂದರೆ ದೊಡ್ಡ ದೋಣಿ ಎಂದೇ ತಿಳಿದಿದ್ದರು. ಅಂಚಿನಲ್ಲಿ ಕುಳಿತು ಕೈ ಇಳಿಬಿಟ್ಟರೆ ನೀರು ಸಿಗುತ್ತದೆ, ಸಿಗದಿದ್ದರೆ ಹಗ್ಗ ಕಟ್ಟಿದ ತಂಬಿಗೆ ಇಳಿಸಿದರಾಯಿತು ಎಂಬ ಧೈರ್ಯದ ಮೇಲೆ ಅವರು ಹೊರಡಲು ಒಪ್ಪಿದ್ದರು. ಗೋವೆಯ ಬಂದರಿನಲ್ಲಿ ಬಸ್ಸಿಳಿದು ತಲೆಯೆತ್ತಿದಾಗ ಎದುರಿಗೆ ನಿಂತಿದ್ದದ್ದು ಹದಿನಾಲ್ಕು ಅಂತಸ್ತಿನ ಬಿಳಿ ಗೋಡೆ.

"ಇದರಾಗ ಸಮುದ್ರ ಎಲ್ಲೈತಿ?" ಎಂದು ಸೊಸೆಯನ್ನು ಕೇಳಿದರು.

"ಕೆಳಗೈತ್ರಿ ಅತ್ತಿ, ಗ್ವಾಡಿ ಬುಡದಾಗ," ಎಂದಳು ದೀಪಾಲಿ.

"ಅಷ್ಟ ಕೆಳಗ ನನ್ನ ಹಗ್ಗ ಸಾಲತೈತೇನ?"

ಖಾನಾಪುರದಲ್ಲಿ ದೀಪಾಲಿಯ ಗಂಡ ವಿಪುಲನದು ಪೈಪು, ಪಂಪುಗಳ ಅಂಗಡಿ. ಆ ವರ್ಷ ಚೆನ್ನಾಗಿ ಮಾರಿದ ಅಂಗಡಿಯವರಿಗೆಲ್ಲ ಕಂಪನಿ ಇಬ್ಬಿಬ್ಬರಂತೆ ಹಡಗಿನ ಪ್ರವಾಸ ಕೊಟ್ಟಿತ್ತು. ಸೋಮವಾರ ಗೋವೆ ಬಿಟ್ಟು ಸಮುದ್ರದಲ್ಲೊಂದು ಸುತ್ತು ಹಾಕಿ ಗುರುವಾರ ಮುಂಜಾನೆ ಅಲ್ಲಿಗೇ ವಾಪಸ್ಸು. ಹೊರಡಲು ಹತ್ತು ದಿನವಿರುವಾಗ ವಿಪುಲ ಮನೆಯ ಹಿಂದಿನ ಗೋದಾಮಿನಲ್ಲಿ ಏಣಿಯಿಂದ ಜಾರಿ ಕಾಲು ಮುರಿದುಕೊಂಡ. "ಅವ್ವನ್ನ ಕರಕೊಂಡ ಹೋಗು, ಸುಮ್ಮ ಟಿಕೀಟ ಹಾಳಾಗ್ತಾವ," ಎಂದ.

ದೀಪಾಲಿ ಹಗಲು ಅಂಗಡಿಯಲ್ಲಿ ಕೂತು, ಸಂಜೆ ರೈಲು ಹಿಡಿದು ಬೆಳಗಾವಿಯ ಸಂಜೆ ಕಾಲೇಜಿಗೆ ಓಡಾಡಿ ಬಿ.ಎ. ಮುಗಿಸಿದವಳು. ಯಾವ ಫಾರ್ಮನ್ನೂ ಮೂರು ಸಲ ಓದದೆ ಸಹಿ ಹಾಕುವವಳಲ್ಲ. ಆದರೂ ಅತ್ತೆಯ ವಯಸ್ಸು ಎಪ್ಪತ್ತೊಂದು ಎಂದು ಬರೆದ ಮೇಲೆ, ಎಪ್ಪತ್ತೆರಡಾಗಿದ್ದರೆ ಹೇಗೆ ಎಂದು ಎರಡು ದಿನ ಒದ್ದಾಡಿದ್ದಳು. ನೀರಿನ ವಿಷಯ ಮಾತ್ರ ಯಾವ ಫಾರ್ಮಿನಲ್ಲೂ ಕೇಳಿರಲಿಲ್ಲ.

ನೀರಿನ ವಿಷಯ ಇಷ್ಟೇ. ಹಳೆಯ ಕಾಲದ ಜೈನರಾದ ಅಕ್ಕಾತಾಯಿ ಸೋಸದ ನೀರು ಮುಟ್ಟುವವರಲ್ಲ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂದ ನೀರಿಗೇ ತಿರುಗಿ ಮುಟ್ಟಿಸಬೇಕು. ಮುಟ್ಟಿಸುವ ತನಕ ಸೋಸಿದ ನೀರನ್ನೂ ಕುಡಿಯುವಂತಿಲ್ಲ. ಮೇಲಿಂದ ಸುರಿದರೆ ಆಗದು, ಬಿದ್ದ ಪೆಟ್ಟಿಗೇ ಅವು ಸಾಯುತ್ತವೆ. ಅದಕ್ಕೆಂದೇ ಅವರ ಬಳಿ ತಳಕ್ಕೂ ಹಗ್ಗ ಸಿಕ್ಕಿಸುವ ಕೊಂಡಿಯಂಥ ಒಂದು ಹಿತ್ತಾಳೆಯ ಕಡಿ ಬೆಸೆದ ತಂಬಿಗೆಯಿತ್ತು. ನಿಧಾನಕ್ಕೆ ಇಳಿಸಿ, ತಂಬಿಗೆ ನೀರು ಮುಟ್ಟಿದ ಮೇಲೆ ಹಗ್ಗ ಜಗ್ಗಿದರೆ ತಾನಾಗಿ ಬೋರಲಾಗುತ್ತದೆ; ಒಳಗಿನ ಜೀವಗಳು ನೋವಿಲ್ಲದೆ ಮನೆ ಸೇರುತ್ತವೆ. ಪಾರಿಶ್ವಾಡದಿಂದ ಮದುವೆಯಾಗಿ ಬಂದ ದಿನ ಅವರ ಅತ್ತೆ ಅವರ ಕೈಗಿಟ್ಟ ಮೊದಲ ಪಾತ್ರೆ ಅದು.

ಬಂದರಿನ ತಪಾಸಣೆಯಲ್ಲಿ ಮನೆಯಿಂದ ಹೊತ್ತು ತಂದಿದ್ದ ಎರಡು ಕ್ಯಾನು ನೀರನ್ನು ಇಳಿಸಿಕೊಂಡರು. ಹಗ್ಗವನ್ನು ಕಾವಲಿನವನು ಹಾವಿನ ಮರಿಯಂತೆ ಎರಡು ಬೆರಳಲ್ಲಿ ಎತ್ತಿ ನೋಡಿ ಬದಿಗಿಟ್ಟ. ಪೂಜೆಯ ಪಾತ್ರೆ ಎಂದಿದ್ದಕ್ಕೆ ತಂಬಿಗೆ ಉಳಿಯಿತು.

"ಹೋಗ್ಲಿ ಬಿಡ್ರಿ ಅಕ್ಕಾತಾಯಾರ," ಎಂದಳು ಹಿಂದೆ ನಿಂತಿದ್ದ ಪ್ರಮಿಳಾ. ಬೆಳಗಾವಿ ಶಹಾಪುರದ ಪೈಪು ವ್ಯಾಪಾರಿ ಬಾಳಾಸಾಹೇಬರ ಹೆಂಡತಿ, ಬಸ್ಸಿನಲ್ಲಿ ಪಕ್ಕದ ಸೀಟು. "ಒಳಗ ಹದಿನೆಂಟ ನಮೂನಿ ಶರಬತ್ತ ಅದಾವಂತ. ನೀರ ಯಾರ ಕುಡೀತಾರ?"

ಹಡಗು ಹೊರಟದ್ದು ಯಾರಿಗೂ ತಿಳಿಯಲಿಲ್ಲ. ದೀಪಾಲಿ ದೊಡ್ಡ ಸಪ್ಪಳವಾಗುತ್ತದೆ, ಕಾಲು ತೂಗುತ್ತದೆ ಎಂದು ಕಾದಿದ್ದಳು. ಏನೂ ಇಲ್ಲ. ಗಾಜಿನಾಚೆ ದಡ ಮಾತ್ರ, ಯಾರೋ ಬಟ್ಟೆ ಎಳೆದುಕೊಂಡಂತೆ, ಸದ್ದಿಲ್ಲದೆ ಹಿಂದೆ ಸರಿಯಿತು. ಒಳಗೆ ಎಲ್ಲ ಕಡೆ ಒಂದೇ ಬೆಳಕು, ಒಂದೇ ತಂಪು, ಎಲ್ಲಿಂದ ಬರುತ್ತದೆಂದು ಗೊತ್ತಾಗದ ಒಂದೇ ಸಂಗೀತ. ಎದುರಾದ ಕೆಲಸದವರೆಲ್ಲ ಹೆಸರು ಹಿಡಿದು ನಮಸ್ಕರಿಸುತ್ತಿದ್ದರು. ಕೊರಳಿಗೆ ಹಾಕಿಕೊಂಡ ಕಾರ್ಡಿನಲ್ಲಿ ಹೆಸರಿದೆ ಎಂದು ಗೊತ್ತಿದ್ದೂ, ಬೆನ್ನ ಹಿಂದಿನಿಂದ ಬಂದವನೊಬ್ಬ "ನಮಸ್ತೆ ದೀಪಾಲಿಜಿ" ಎಂದಾಗ ಅವಳು ಎದೆಯ ಮೇಲಿನ ಕಾರ್ಡನ್ನು ಮುಟ್ಟಿ ನೋಡಿಕೊಂಡಳು.

ಅವರ ಕೋಣೆ ಎಂಟನೇ ಅಂತಸ್ತಿನಲ್ಲಿ. ಲಿಫ್ಟಿನಿಂದ ಕೋಣೆಯ ತನಕ ಉದ್ದನೆಯ ದಾರಿ. ಎರಡೂ ಬದಿಗೆ ಒಂದೇ ತರಹದ ಬಾಗಿಲುಗಳು. ನೆಲದ ಜಮಖಾನೆಯ ತುಂಬ ನೀಲಿ ಮೀನುಗಳ ಚಿತ್ರ. "ಮೀನಿನ ತಲಿ ಯಾವಾಗ್ಲೂ ಹಡಗಿನ ಮುಂದಿನ ಕಡೆ ಇರತಾವಂತ. ದಾರಿ ತಪ್ಪಿದ್ರ ಮೀನ ನೋಡೂದು," ಎಂದು ಪ್ರಮಿಳಾ ಹೇಳಿಕೊಟ್ಟಿದ್ದಳು. ದೀಪಾಲಿ ಹೋಗುವಾಗ ನೋಡಿದಳು: ಮೀನುಗಳ ತಲೆ ಅವಳ ಕಡೆಗಿತ್ತು. ಮರೆತ ಟವೆಲ್ಲಿಗೆಂದು ತಿರುಗಿ ಬರುವಾಗಲೂ ತಲೆ ಅವಳ ಕಡೆಗೇ ಇತ್ತು. ತಾನೇ ಸರಿಯಾಗಿ ನೋಡಿಲ್ಲ ಎಂದುಕೊಂಡಳು. ತಪ್ಪು ತನ್ನದೇ ಎಂದುಕೊಳ್ಳುವುದು ಅವಳಿಗೆ ರೂಢಿಯಾಗಿ ಹೋಗಿತ್ತು.

ಲಿಫ್ಟಿನ ಎದುರಿಗೇ ದುಂಡನೆಯ ಕಟಕಟೆಯಿತ್ತು. ಬಗ್ಗಿ ನೋಡಿದರೆ ಹಡಗಿನ ಹೊಟ್ಟೆಯೇ ಟೊಳ್ಳು. ಏಳು, ಆರು, ಐದು ಎಂದು ಉಂಗುರದ ಕೆಳಗೆ ಉಂಗುರ, ಪ್ರತಿ ಉಂಗುರದಲ್ಲೂ ಜನ. ಎಲ್ಲಕ್ಕಿಂತ ಕೆಳಗೆ, ನಾಲ್ಕನೇ ಅಂತಸ್ತಿನಲ್ಲಿ, ಕನ್ನಡಿಯಂಥ ಕಪ್ಪು ಕಲ್ಲಿನ ನೆಲ, ಅದರ ಮೇಲೊಂದು ಬಿಳಿ ಪಿಯಾನೊ. ಕೆಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅದರಲ್ಲಿ ಹಸಿ ಕಲ್ಲಿನ ವಾಸನೆ.

"ನಮ್ಮ ಬಾವಿ ಇದ್ದಂಗ ಐತಲ್ಲ," ಎಂದರು ಅಕ್ಕಾತಾಯಿ, ಬಹಳ ದಿನಕ್ಕೆ ಸಿಕ್ಕ ಗೆಳತಿಯನ್ನು ಕಂಡವರಂತೆ.

ದೀಪಾಲಿ ಕಟಕಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಕೋಣೆಯಲ್ಲಿ ಅಕ್ಕಾತಾಯಿ ಸ್ಟೀಲಿನ ಪಾತ್ರೆಯ ಬಾಯಿಗೆ ಎರಡು ಮಡಿಕೆ ಬಟ್ಟೆ ಕಟ್ಟಿ ನಲ್ಲಿಯ ಕೆಳಗಿಟ್ಟರು. ನೀರು ಗಾಜಿನಂತೆ ತಿಳಿಯಾಗಿ ಬಿತ್ತು. ಪಾತ್ರೆ ತುಂಬಿದ ಮೇಲೆ ಬಟ್ಟೆ ಬಿಚ್ಚಿ ನೋಡಿದರು. ನಡುವೆ ಒಂದು ಚಿಟಿಕೆ ಕೆಮ್ಮಣ್ಣು. ಅದರೊಳಗೆ ಎಳ್ಳಿಗಿಂತ ತುಸು ದೊಡ್ಡವಾದ ಮೂರು ಬಸವನಹುಳುಗಳು.

ಅವರು ಕಣ್ಣಿಗೆ ಚಾಳೀಸು ಹಾಕಿಕೊಂಡರು. "ಈ ನೀರ ಸಮುದ್ರದ್ದಂದಿ?"

"ಹೌದ್ರಿ. ಉಪ್ಪ ತಗದ ಸಿಹಿ ಮಾಡ್ತಾರಂತ."

"ಸಮುದ್ರದಾಗ ಕೆಮ್ಮಣ್ಣ ಇರತೈತಿ?"

ಒಂದು ಹುಳು ಮೆಲ್ಲಗೆ ಕೊಂಬು ಚಾಚಿತು. ಅಕ್ಕಾತಾಯಿ ಬಟ್ಟೆಯನ್ನು ತಂಬಿಗೆಯಲ್ಲಿ ಅದ್ದಿ ಹುಳುಗಳನ್ನು ಬಿಡಿಸಿದರು. "ಸಮುದ್ರದ್ದಾರ ಸಮುದ್ರಕ್ಕ ಬಿಟ್ಟ ಬಾ."

ದೀಪಾಲಿ ತಂಬಿಗೆ ಹಿಡಿದು ಮೇಲಿನ ಬಯಲು ಅಂತಸ್ತಿಗೆ ಹೋದಳು. ಈಜುಕೊಳದ ಸುತ್ತ ಜನ, ಕುಣಿತ, ಕೆಂಪು ಹಸಿರು ಶರಬತ್ತು. ಅಂಚಿನ ಕಂಬಿಗೆ ಬಂದು ಕೆಳಗೆ ನೋಡಿದರೆ, ಎಷ್ಟೋ ಆಳದಲ್ಲಿ ಸಮುದ್ರ ಬಿಳಿ ನೊರೆಯಾಗಿ ಸೀಳಿಕೊಂಡು ಹೋಗುತ್ತಿತ್ತು. ಸುರಿಯುವಂತಿಲ್ಲ. ಹಗ್ಗವಿಲ್ಲ; ಇದ್ದರೂ ಸಾಲದು. ನೀರಿನ ಹತ್ತಿರ ಹೋಗುವ ಬಾಗಿಲು ಯಾವುದೆಂದು ಕೆಲಸದವನೊಬ್ಬನನ್ನು ಕೇಳಿದಳು. ಅವನು ನಗುನಗುತ್ತಲೇ, ಬಂದರು ಮುಟ್ಟುವವರೆಗೆ ಅಂಥ ಬಾಗಿಲು ಯಾವುದೂ ತೆರೆಯುವುದಿಲ್ಲ ಮೇಡಂ ಎಂದ. ಸುತ್ತಲೂ ನೀರು, ಒಂದು ಹನಿಯನ್ನೂ ಮುಟ್ಟುವಂತಿಲ್ಲ.

ತಂಬಿಗೆ ಇದ್ದಂತೆಯೇ ವಾಪಸ್ಸು ಬಂತು. ಅಕ್ಕಾತಾಯಿ ಸಿಟ್ಟಾಗಲಿಲ್ಲ. ಅದನ್ನು ಮಂಚದ ಬದಿಗಿಟ್ಟು, ಸೋಸಿದ ನೀರಿನ ಪಾತ್ರೆಗೆ ತಟ್ಟೆ ಮುಚ್ಚಿದರು. ಮನೆಯಿಂದ ತಂದ ಖರ್ಜೂರ ಎರಡು ತಿಂದರು.

"ನೀರ ಕುಡೀರಿ ಅತ್ತಿ."

"ಇವನ್ನ ಮನಿ ಮುಟ್ಟಸದ ಹೆಂಗ ಕುಡೀಲಿ? ಎರಡ ದಿನದ ಮಾತು."

"ಮೂರ ದಿನ ಆಗತಾವ್ರಿ."

"ಹಂಗಾರ ಮೂರು."

ಅವರು ಮಲಗಿದ ಮೇಲೆ ದೀಪಾಲಿ ಕಳ್ಳಿಯಂತೆ ನಲ್ಲಿಯಿಂದ ಒಂದು ಲೋಟ ಹಿಡಿದು ಕುಡಿದಳು. ಮೊದಲ ಗುಟುಕಿಗೇ ನಾಲಿಗೆ ನಿಂತಿತು. ತುಸು ಒಗರು, ಹಿಂದಿನಿಂದ ಮೆಲ್ಲಗೆ ಸಿಹಿ. ಇಪ್ಪತ್ತು ವರ್ಷ ದಿನಾ ಕುಡಿದ ನೀರು. ಖಾನಾಪುರದ ಮನೆಯ ಹಿತ್ತಲ ಬಾವಿಯ ನೀರು. ಆ ಬಾವಿಯನ್ನು ಮುಚ್ಚಿಸಿ ಒಂದು ವರ್ಷವಾಗಿತ್ತು.

ಮಂಗಳವಾರ ಬೆಳಿಗ್ಗೆ ಅಕ್ಕಾತಾಯಿ, ನೋಡೋಣವೆಂದು, ಇನ್ನೊಂದು ಪಾತ್ರೆ ಸೋಸಿದರು. ಈ ಸಲ ಏಳು ಹುಳು, ಮತ್ತು ಉಗುರಿನಷ್ಟು ಹಸಿರು ಪಾಚಿ. ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ದೀಪಾ, ಇಲ್ಲೆ ಬಾ. ಬೆನ್ನ ಮ್ಯಾಲ ಬಿಳಿ ಗೆರಿ ನೋಡು. ಐವತ್ತ ವರ್ಷ ಇವನ್ನ ನೋಡೇನಿ. ಇವು ನಮ್ಮ ಬಾವೀವು."

"ಹೆಂಗ ಸಾಧ್ಯ ಐತ್ರಿ? ಎಲ್ಲಾ ಕಡೆ ಹಿಂಗ ಇರತಾವ."

"ನಮ್ಮ ಬಾವ್ಯಾಗಿಂದು ಒಂದೂ ಹೊರಗ ಉಳದಿಲ್ಲಲ್ಲ. ಕಡೀ ಸಲದ್ದೂ ನೀನ ಬಿಟ್ಟ ಬಂದಿ."

"ಹೌದ್ರಿ," ಎಂದಳು ದೀಪಾಲಿ.

ಬಿಟ್ಟಿರಲಿಲ್ಲ.

ಹೋದ ವರ್ಷ ಬಾವಿಯ ಒಂದು ಮಗ್ಗುಲು ಕುಸಿದಾಗ, ಬೋರ್ ಇರುವಾಗ ಇದ್ಯಾಕೆ ಎಂದು ವಿಪುಲ ಅದನ್ನು ಮುಚ್ಚಿಸಿ ಮೇಲೆ ಗೋದಾಮು ಕಟ್ಟಲು ಹೊರಟ. ಅಕ್ಕಾತಾಯಿ ಎಂಟು ದಿನ ಮಾತು ಬಿಟ್ಟರು, ಆಮೇಲೆ ಸೋತರು. ಮುಚ್ಚುವ ದಿನ ಕಡೆಯ ಕೊಡ ಸೇದಿ, ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ತಂಬಿಗೆಗೆ ಬಿಟ್ಟು ಸೊಸೆಯ ಕೈಗೆ ಕೊಟ್ಟರು. "ನಂಗ ನೋಡಾಕ ಆಗೂದಿಲ್ಲ. ನೀ ಇಳಿಸಿ ಬಾ. ಇಳಿಸಿದ ಮ್ಯಾಲ ಮಣ್ಣ ಹಾಕ್ಲಿ." ಬೇರೆ ಹುಳುಹುಪ್ಪಟೆಯನ್ನೆಲ್ಲ ಅವರು ತಿಂಗಳುಗಟ್ಟಲೆ ಕೊಡ ಕೊಡವಾಗಿ ಪಕ್ಕದ ಸತ್ಯಪ್ಪನ ಬಾವಿಗೆ ಸಾಗಿಸಿದ್ದರು, ಈ ಕಡೆಯ ಒಂದು ಹಿಡಿ ಜೀವ ಮಾತ್ರ ಸೆಲೆಯ ಸಂದಿಗೆ ಇಳಿದು ಹುಟ್ಟಿದ ನೀರಿನಲ್ಲೇ ಇರಲಿ ಎಂಬುದು ಅವರ ಮನಸ್ಸು.

ದೀಪಾಲಿ ಹಿತ್ತಲಿಗೆ ಹೋದಾಗ ಟ್ರ್ಯಾಕ್ಟರು ಬಂದು ನಿಂತಿತ್ತು. ನಾಲ್ಕು ಜನ ಗಂಡಸರು ಸಲಿಕೆ ಹಿಡಿದು ಕಾಯುತ್ತಿದ್ದರು. ಟ್ರ್ಯಾಕ್ಟರಿನ ಗಜಾನನ, "ಸರೀರಿ ವೈನಿ, ಮಣ್ಣ ಬಿಡತೇನಿ," ಎಂದ. ಒಂದು ನಿಮಿಷ ನಿಲ್ಲಿ ಎನ್ನಬೇಕಿತ್ತು. ಒಂದು ಚಮಚ ನೀರಿಗಾಗಿ ಇಷ್ಟು ಜನರನ್ನು ನಿಲ್ಲಿಸಿದರೆ ನಗುತ್ತಾರೆ ಎಂದು ಬಾಯಿ ಕಟ್ಟಿತು. ಕೆಂಪು ಮಣ್ಣು ಧಡಧಡ ಸುರಿಯಿತು. ಅವಳು ತಿರುಗಿ ಬಂದು, ತಂಬಿಗೆಯನ್ನು ಬಚ್ಚಲಿಗೆ ಸುರುವಿ, ತೊಳೆದು, "ಬಿಟ್ಟ ಬಂದ್ನಿರಿ ಅತ್ತಿ," ಎಂದಿದ್ದಳು. ಅಷ್ಟೇ. ಅಷ್ಟು ಸಣ್ಣ ಮಾತು. ಆದರೆ ಅಂದಿನಿಂದ ಬಚ್ಚಲಿಗೆ ನೀರು ಇಳಿಯುವ ಸದ್ದು ಕೇಳಿದಾಗಲೆಲ್ಲ ಅವಳು ನಲ್ಲಿ ನಿಲ್ಲಿಸಿ ಸುಮ್ಮನೆ ನಿಲ್ಲುತ್ತಿದ್ದಳು.

ಬಚ್ಚಲ ನೀರು ಗಟಾರಕ್ಕೆ, ಗಟಾರ ಹೊಳೆಗೆ, ಹೊಳೆ ಸಮುದ್ರಕ್ಕೆ, ಹಾಗೆ ಬಂದಿರಬಹುದೆ? ಮನಸ್ಸು ಒಂದು ಕ್ಷಣ ಆ ದಾರಿಯಲ್ಲಿ ಓಡಿತು. ಆಮೇಲೆ ನೆನಪಾಯಿತು. ನಿನ್ನೆ ಬಸ್ಸು ಕಣಕುಂಬಿ ದಾಟುವಾಗ ಪ್ರಮಿಳಾಗೆ ತಾನೇ ಹೇಳಿದ್ದಳು: ನಮ್ಮ ಮಲಪ್ರಭೆ ಇಲ್ಲಿ ಹುಟ್ಟಿ ಮೂಡಣಕ್ಕೆ ಹೋಗುತ್ತಾಳೆ, ಗೋವೆಯ ಕಡೆ ಇಳಿಯುವವಳು ಮಹದಾಯಿ. ಖಾನಾಪುರದ ನೀರು ಈ ಸಮುದ್ರಕ್ಕೆ ಬರುವುದೇ ಇಲ್ಲ.

ಹಾಗಾದರೆ ಇವು ನೀರಿನ ದಾರಿಯಲ್ಲಿ ಬಂದವಲ್ಲ.

ಆ ದಿನವೆಲ್ಲ ಹಡಗು ತನ್ನ ಪಾಡಿಗೆ ಹಬ್ಬ ಮಾಡಿತು. ಪ್ರಮಿಳಾ ಊಟದ ಹಾಲಿನಲ್ಲಿ ಸಿಕ್ಕಾಗ ಐದನೆಯ ಸಲ ತಟ್ಟೆ ತುಂಬಿಕೊಂಡಿದ್ದಳು. "ಜೈನರಿಗೆ ಬ್ಯಾರೇನ ಇಟ್ಟಾರ, ಬಟಾಟಿ ಸೈತ ಇಲ್ಲ. ನಿಮ್ಮ ಅತ್ತಿ ಎಲ್ಲೆ?"

"ಅರಾಮಿಲ್ರಿ. ನೀರ ಕುಡೀವಲ್ರು."

"ಅಯ್ಯ, ನಮ್ಮ ಸಾಹೇಬ್ರೂ ನಿನ್ನಿಯಿಂದ ನೀರ ಕುಡದಿಲ್ಲ. ಆದ್ರ ಅದರ ಕಾರಣ ಬ್ಯಾರೆ," ಎಂದು ಪ್ರಮಿಳಾ ಕಿಸಕ್ಕನೆ ನಕ್ಕಳು. ಆಮೇಲೆ ದೀಪಾಲಿಯ ಮುಖ ನೋಡಿ ಚಮಚ ಕೆಳಗಿಟ್ಟಳು. "ಡಾಕ್ಟರಗ ಹೇಳ್ರಿ ಹಂಗಾರ. ವಯಸ್ಸಾದ ಜೀವ."

ಹಡಗಿನ ನರ್ಸು ಬಂದು ಸಲೈನು ಹಚ್ಚುತ್ತೇನೆಂದಳು. ಅಕ್ಕಾತಾಯಿ ಕೈಯನ್ನು ಸೆರಗಿನೊಳಗೆ ಮಡಚಿಕೊಂಡು, "ಅದೂ ಸೋಸಿದ್ದಲ್ಲ," ಎಂದರು. ಒತ್ತಾಯ ಮಾಡುವಂತಿಲ್ಲ, ಆದರೆ ನಾಳೆ ಸಂಜೆಯೊಳಗೆ ನೀರು ಹೋಗದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು, ಜೀವಕ್ಕೇ ಅಪಾಯ ಎಂದು ನರ್ಸು ಹೊರಗೆ ಕರೆದು ಹೇಳಿ ಹೋದಳು.

ವಿಪುಲನ ಫೋನು ಬಂದದ್ದು ಅದೇ ಹೊತ್ತಿಗೆ. "ಹಡಗ ಹೆಂಗೈತಿ?"

"ಚಲೋ ಐತ್ರಿ."

"ಇಲ್ಲೆ ಒಂದ ಕಿರಿಕಿರಿ. ನಿನ್ನಿಯಿಂದ ಗೋದಾಮಿನ ನೆಲದಾಗ ಗುಳುಗುಳು ಸಪ್ಪಳ. ಇಲಿ ಹೊಕ್ಕಿರಬೇಕ. ಅವ್ವ ಉಂಡಳೇನ?"

"ಉಂಡಾರ್ರಿ," ಎಂದಳು. ಇನ್ನೊಂದು ಸುಳ್ಳು. ಹಳೆಯದರ ಮೇಲೆ ಮಣ್ಣು ಹಾಕಿದಂತೆ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಅಕ್ಕಾತಾಯಿಯ ತುಟಿ ಒಡೆದು ಬಿಳಿಚಿಕೊಂಡಿತ್ತು. ಮಾತಾಡಿದರೆ ನಾಲಿಗೆ ಅಂಗುಳಿಗೆ ಅಂಟಿ ಸಣ್ಣ ಸದ್ದು ಬರುತ್ತಿತ್ತು. ತಂಬಿಗೆಯಲ್ಲಿ ಹುಳುಗಳು ಹಿತ್ತಾಳೆಯ ಗೋಡೆ ಹತ್ತಿ ಕಂಠದ ತನಕ ಬಂದು ಸಾಲಾಗಿ ನಿಂತಿದ್ದವು. ಎಲ್ಲವೂ ಬಾಗಿಲ ಕಡೆಗೆ ಕೊಂಬು ಚಾಚಿದ್ದವು. ದೀಪಾಲಿ ತಂಬಿಗೆಯನ್ನು ತಿರುಗಿಸಿಟ್ಟಳು. ಸ್ವಲ್ಪ ಹೊತ್ತಿಗೆ ಅವು ನಿಧಾನವಾಗಿ ಸುತ್ತಿ ಬಂದು ಮತ್ತೆ ಬಾಗಿಲಿಗೇ ಮುಖ ಮಾಡಿದವು.

ಗಡಿಯಾರ ಐದೂ ಕಾಲು ತೋರಿಸುತ್ತಿತ್ತು. ಹೊತ್ತು ಮುಳುಗಿದರೆ ಅಕ್ಕಾತಾಯಿ ಏನನ್ನೂ ಬಾಯಿಗೆ ಹಾಕುವವರಲ್ಲ. ಮತ್ತೆ ನಾಳೆ ಬೆಳಗಿನ ತನಕ. ಅಷ್ಟು ಹೊತ್ತು ಈ ಜೀವ ತಾಳುವುದಿಲ್ಲ ಎಂದು ದೀಪಾಲಿಗೆ ಒಮ್ಮೆಲೇ ಖಾತ್ರಿಯಾಯಿತು. ಅವಳು ಮಂಚದ ಬದಿಗೆ ನೆಲದ ಮೇಲೆ ಕುಳಿತಳು.

"ಅತ್ತಿ, ಅವತ್ತ ನಾ ಬಾವಿಗೆ ಬಿಡ್ಲಿಲ್ರಿ."

ಅಕ್ಕಾತಾಯಿ ಕಣ್ಣು ತೆರೆದರು.

"ಗಜಾನನ ಮಣ್ಣ ಬಿಡತೇನಿ ಅಂದ. ತಡೀರಿ ಅನ್ನಾಕ ನಾಚಿಕಿ ಬಂತ್ರಿ. ಬಚ್ಚಲಕ್ಕ ಹಾಕಿದ್ನಿ. ನಿಮಗ ಸುಳ್ಳ ಹೇಳಿದ್ನಿ."

ಹಡಗಿನ ಸಂಗೀತ ಗೋಡೆಯೊಳಗಿಂದ ತೆಳ್ಳಗೆ ಬರುತ್ತಲೇ ಇತ್ತು. ಬಯ್ಯಲಿ, ಕಪಾಳಕ್ಕೆ ಹೊಡೆಯಲಿ ಎಂದು ದೀಪಾಲಿ ಕಾದಳು. ಅತ್ತೆ ಕೇಳಿದ್ದು ಬೇರೆ.

"ಹೊತ್ತ ಮುಳಗಾಕ ಎಷ್ಟೈತಿ?"

"ಒಂದ ತಾಸ್ರಿ."

"ನನ್ನ ಎಬ್ಬಸು." ಅವರು ಗೋಡೆ ಹಿಡಿದು ಕುಳಿತರು. ಉಸಿರು ಸೇರಿಸಿಕೊಳ್ಳಲು ಹೊತ್ತು ಹಿಡಿಯಿತು. "ಸುಮ್ಮ ಸಮುದ್ರ ಹುಡಕಾಕತ್ತಿದ್ವಿ. ಇವಕ್ಕ ಸಮುದ್ರ ಬೇಕಾಗಿಲ್ಲ. ತಮ್ಮ ಬಾವಿ ಬೇಕು. ಬಾವಿ ಬಂದ ನಿಂತೈತಿ ಹೊರಗ."

"ಅತ್ತಿ, ಅದು ಹಡಗಿನ…"

"ಅವತ್ತ ನಾಲ್ಕ ಮಂದಿ ಮುಂದ ನಾಚಿದಿ. ಇವತ್ತ ಹಡಗಿನ ಮಂದಿ ಎಲ್ಲಾ ನೋಡ್ಲಿ. ಹೋಗಿ ಇಳಸು."

ಹಗ್ಗವಿಲ್ಲ. ದೀಪಾಲಿ ಸೂಟ್‌ಕೇಸಿನಿಂದ ತನ್ನವೂ ಅತ್ತೆಯವೂ ಸೇರಿ ಸೀರೆಯೊಳಗೆ ಉಡುವ ಆರು ಪರಕಾರಗಳನ್ನು ತೆಗೆದು, ಲಾಡಿ ಎಳೆದು, ಭಾರ ತಾಳಲೆಂದು ಎರಡೆಳೆ ಮಾಡಿ, ಒಂದಕ್ಕೊಂದು ಗಂಟು ಹಾಕಿದಳು. ಬಿಳಿ, ಕಂದು, ಹಸಿರು ಲಾಡಿಯ ಆ ಹಗ್ಗ ನೋಡಿ ಅವಳಿಗೇ ಅಳು ಬಂತು. ಮೊಳ ಹಾಕಿ ನೋಡಿದಳು. ಎರಡು ಅಂತಸ್ತಿಗೂ ಸಾಲದು. ಕೆಳಗಿನ ಕಲ್ಲುನೆಲ ಮುಟ್ಟಲು ನಾಲ್ಕು ಅಂತಸ್ತು ಇಳಿಯಬೇಕು.

ಅದು ಸಂಜೆಯ ಚಹಾದ ಹೊತ್ತು. ದುಂಡನೆಯ ಟೊಳ್ಳಿನ ಸುತ್ತ ಪ್ರತಿ ಉಂಗುರದಲ್ಲೂ ಜನ ಕಪ್ಪು ಹಿಡಿದು ನಿಂತಿದ್ದರು. ಕೆಳಗೆ ಕರಿ ಕೋಟಿನವನು ಪಿಯಾನೊ ನುಡಿಸುತ್ತಿದ್ದ. ದೀಪಾಲಿ ಅತ್ತೆಯನ್ನು ಕಟಕಟೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಂಬಿಗೆಯನ್ನು ಹೊರಕ್ಕೆ ಹಿಡಿದಳು. ಹಿತ್ತಾಳೆ ಕಂಬಿಗೆ ಬಡಿದು ಠಣ್ಣೆಂದಿತು. ಹತ್ತಾರು ಮುಖಗಳು ಮೇಲೆ ತಿರುಗಿದವು.

"ಏನ ಮಾಡಾಕತ್ತೀರಿ ದೀಪಾಲಿ?" ಬದಿಯಿಂದ ಪ್ರಮಿಳಾಳ ದನಿ. "ಪರಕಾರದ ಲಾಡಿ ಅಲ್ಲೇನ್ರಿ ಅದು? ಮಂದಿ ನೋಡಾಕತ್ತಾರ!"

"ನೋಡ್ಲಿ ಬಿಡ್ರಿ," ಎಂದಳು ದೀಪಾಲಿ. ಹಾಗೆ ಹೇಳಿದವಳು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

ತಂಬಿಗೆ ಇಳಿಯಿತು. ಏಳನೇ ಅಂತಸ್ತಿನ ಕಟಕಟೆ ದಾಟಿತು. ಒಂದು ಮಗು ಕೈ ಚಾಚಿತು, ತಾಯಿ ಹಿಂದಕ್ಕೆ ಎಳೆದುಕೊಂಡಳು. ಬಿಳಿ ಲಾಡಿ ಮುಗಿದು ಕಂದು ಬಂತು, ಕಂದು ಮುಗಿದು ಹಸಿರು. ಇನ್ನು ಅವಳ ಬೆರಳಿಗೆ ಸುತ್ತಿದ ತುದಿ ಮಾತ್ರ ಉಳಿದಿತ್ತು. ತಂಬಿಗೆ ಆರನೇ ಅಂತಸ್ತಿನ ಮೇಲೆ ಬರಿಯ ಗಾಳಿಯಲ್ಲಿ ತೂಗುತ್ತಿತ್ತು. ಸಾಲಲಿಲ್ಲ, ಗೊತ್ತಿತ್ತು, ಸಾಲುವುದಿಲ್ಲವೆಂದು ಗೊತ್ತೇ ಇತ್ತು ಎಂದುಕೊಳ್ಳುವಷ್ಟರಲ್ಲಿ ಬೆರಳ ಮೇಲಿನ ಭಾರ ಹೋಯಿತು.

ಡುಬುಕ್ ಎಂಬ ಸಣ್ಣ ಸದ್ದು. ತಂಬಿಗೆ ನೀರು ಮುಟ್ಟಿದಾಗ ಬರುವ ಸದ್ದು. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಹಿತ್ತಲಿನಲ್ಲಿ ಕೇಳಿದ ಸದ್ದು.

ಕೆಳಗಿನ ದೀಪಗಳು, ಜನ, ಪಿಯಾನೊ, ಎಲ್ಲವೂ ಒಮ್ಮೆ ಅಲುಗಿದವು. ನಡುವಿನಿಂದ ಒಂದು ಬಳೆ ಎದ್ದು ದೊಡ್ಡದಾಗುತ್ತ ಹೋಗಿ ಆರನೇ ಅಂತಸ್ತಿನ ಕಟಕಟೆಗೆ ತಾಗಿ ತಿರುಗಿತು. ಚಹಾ ಕುಡಿಯುತ್ತಿದ್ದವರು ಕುಡಿಯುತ್ತಲೇ ಇದ್ದರು. ಪಿಯಾನೊದವನು ಮಾತ್ರ, ನುಡಿಸುವುದನ್ನು ನಿಲ್ಲಿಸದೆ, ಎರಡೂ ಪಾದಗಳನ್ನು ನೆಲದಿಂದ ಮೇಲೆತ್ತಿಕೊಂಡ.

"ಜಗ್ಗು," ಎಂದರು ಅಕ್ಕಾತಾಯಿ.

ದೀಪಾಲಿ ಲಾಡಿ ಜಗ್ಗಿದಳು. ತಂಬಿಗೆ ಬೋರಲಾದದ್ದು ಬೆರಳಿಗೆ ಗೊತ್ತಾಯಿತು. ಸ್ವಲ್ಪ ಹೊತ್ತು ಹಿಡಿದು ನಿಂತಳು, ಕಡೆಯದೂ ಇಳಿಯಲೆಂದು. ಆಮೇಲೆ ಎಳೆದುಕೊಂಡಳು. ಬಿಳಿ ಲಾಡಿಯ ತುದಿಯ ಒಂದು ಮೊಳ ತೊಯ್ದು ತಣ್ಣಗಿತ್ತು. ಖಾಲಿ ತಂಬಿಗೆಯ ತಳದ ಕಡಿಗೆ ಪಾಚಿಯ ಎಳೆಯೊಂದು ಸುತ್ತಿಕೊಂಡಿತ್ತು. ಕೆಂಪು ಹನಿಗಳು ತೊಟ್ಟಿಕ್ಕಿ ಕೆಳಗೆ ಬಿದ್ದವು. ಅವು ಎಲ್ಲಿ ಬಿದ್ದವೆಂದು ಅವಳು ನೋಡಲಿಲ್ಲ.

"ಒಳಗ ಏನಿತ್ರಿ ಅದರಾಗ?" ಪ್ರಮಿಳಾ ಪಿಸುಗುಟ್ಟಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಅವಳಿಗೂ ಸದ್ದು ಕೇಳಿಸಿತ್ತು.

ಕೋಣೆಗೆ ಬಂದಾಗ ಗಂಟೆ ಆರೂ ಐದು. ದೀಪಾಲಿ ಹೊಸದಾಗಿ ಬಟ್ಟೆ ಕಟ್ಟಿ ನೀರು ಸೋಸಿದಳು. ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದರೆ ಬರಿಯ ಬಿಳಿ. ಒಂದು ಕಣವೂ ಇಲ್ಲ. ಆದರೂ ಅಕ್ಕಾತಾಯಿ ತಾವೇ ಚಾಳೀಸು ಹಾಕಿ ಎರಡೂ ಬದಿ ನೋಡಿದ ಮೇಲೆಯೇ ಲೋಟ ತೆಗೆದುಕೊಂಡರು. ಮೊದಲ ಗುಟುಕು ಗಂಟಲಿನಲ್ಲಿ ನಿಂತು ಕೆಮ್ಮು ಬಂತು. ಆಮೇಲೆ ಇಳಿಯಿತು. ಒಂದು ಲೋಟ, ಇನ್ನೊಂದು, ಮತ್ತೊಂದರ ಅರ್ಧ. ಹೊರಗೆ ಸೂರ್ಯ ಸಮುದ್ರದ ಅಂಚಿನಲ್ಲಿ ಇನ್ನೂ ಒಂದು ಬೆರಳಿನಷ್ಟು ಉಳಿದಿದ್ದ.

ಉಳಿದ ಅರ್ಧ ಲೋಟವನ್ನು ಅವರು ಸೊಸೆಯ ಕಡೆ ಚಾಚಿದರು. ದೀಪಾಲಿ ಕುಡಿದಳು. ಒಗರಿಲ್ಲ, ಸಿಹಿಯಿಲ್ಲ. ಯಂತ್ರದಿಂದ ಬಂದ ನೀರು. ಯಾವ ರುಚಿಯೂ ಇರಲಿಲ್ಲ.

ಗುರುವಾರ ಮುಂಜಾನೆ ಇಳಿಯುವವರ ಸಾಲು ನಾಲ್ಕನೇ ಅಂತಸ್ತಿನ ಮೂಲಕವೇ ಹೋಗಬೇಕಿತ್ತು. ಪಿಯಾನೊವನ್ನು ಬದಿಗೆ ಸರಿಸಿದ್ದರು. ಕಪ್ಪು ಕಲ್ಲಿನ ನಡುವೆ, ನೆಲ ಜಾರುತ್ತದೆ ಎಂಬ ಹಳದಿ ಫಲಕ. ಅದರ ಸುತ್ತ ದುಂಡಗೆ ಒಂದು ಒದ್ದೆ ಗುರುತು, ಖಾನಾಪುರದ ಬಾವಿಯ ಬಾಯಿಯಷ್ಟೇ ಅಗಲ. ಕೆಲಸದವನು ಒರೆಸುತ್ತಿದ್ದ. ಒರೆಸಿದ ಕಡೆ ಅದು ಮತ್ತೆ ಒದ್ದೆಯಾಗಿ ಬರುತ್ತಿತ್ತು. ನಿನ್ನೆ ಸಂಜೆಯಿಂದ ಹೀಗೇ, ಎಲ್ಲಿ ಸೋರುತ್ತದೋ ತಿಳಿಯದು ಎಂದು ಹಿಂದಿಯಲ್ಲಿ ಗೊಣಗಿದ. ಜನ ಅದರ ಮೇಲೆ ಪೆಟ್ಟಿಗೆ ಉರುಳಿಸಿಕೊಂಡು ಹೋಗುತ್ತಿದ್ದರು. ಅಕ್ಕಾತಾಯಿ ಚಪ್ಪಲಿ ಕೈಗೆ ತೆಗೆದುಕೊಂಡು ಅಂಚು ತುಳಿಯದಂತೆ ಸುತ್ತು ಹಾಕಿ ದಾಟಿದರು. ದೀಪಾಲಿಯೂ ಹಾಗೇ ಮಾಡಿದಳು. ಅವಳ ಹಿಂದೆ, ಯಾಕೆಂದು ಕೇಳದೆ, ಪ್ರಮಿಳಾ.

ಬಂದರಿನಲ್ಲಿ ಹಗ್ಗ ಮತ್ತು ಕ್ಯಾನು ವಾಪಸ್ಸು ಸಿಕ್ಕವು. ಬಸ್ಸು ಹತ್ತುವ ಮೊದಲು ವಿಪುಲನ ಫೋನು ಬಂತು. ಅಕ್ಕಾತಾಯಿಯೇ ಕಿವಿಗೆ ಹಿಡಿದರು.

"ಹಡಗ ಹೆಂಗಿತ್ತವ್ವಾ?"

"ದೊಡ್ಡದಿತ್ತು. ಗೋದಾಮಿನಾಗ ಸಪ್ಪಳ ನಿಂತೈತೇನ?"

"ನಿಂತದ್ದ ನಿನಗ ಯಾರ ಹೇಳಿದ್ರ? ನಿನ್ನಿ ಸಂಜೀಕ ನಿಂತತಿ. ಆರಕ್ಕ ಸ್ವಲ್ಪ ಮೊದಲ. ಆದ್ರ ನೆಲ ಒಂದ ಕಡೆ ತೊಯ್ದೈತಿ, ಒಣಗವಲ್ದು."

"ಪೈಪ ಎಲ್ಲಾ ಹೊರಗ ತಗಸು. ಗಜಾನನಗ ಹೇಳಿ ಕಳಸು, ಮಣ್ಣ ತಗೀಬೇಕು ಅಂತ."

"ಯಾಕವ್ವಾ? ಏನಾತು?"

ಅಕ್ಕಾತಾಯಿ ಫೋನನ್ನು ಸೊಸೆಯ ಕೈಗಿಟ್ಟರು. "ನೀ ಹೇಳು," ಎಂದು ಬಸ್ಸಿನ ಮೆಟ್ಟಿಲು ಹತ್ತಿದರು.

ದೀಪಾಲಿ ಫೋನು ಹಿಡಿದು ನಿಂತಳು. ಬಸ್ಸು ಮೆಲ್ಲಗೆ ಮುಂದೆ ಸರಿಯತೊಡಗಿತು. ಕ್ಲೀನರು ಬಾಗಿಲಲ್ಲಿ ನಿಂತು ಹತ್ತರೀ ಎಂದು ಕೂಗುತ್ತಿದ್ದ, ಒಳಗಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಅವಳು ಒಂದು ಕೈ ಮೇಲೆತ್ತಿ, "ಒಂದ ನಿಮಿಷ ತಡೀರಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಬಸ್ಸು ನಿಂತಿತು.